ರಜೆಯ ದಿನ ಓಡಿಸಿದ ಪಂದ್ಯ

ಗಣಿಯಲ್ಲಿ ಅವಳನ್ನು ಎಲ್ಲರೂ ಐದು ಸಲದ ಅಕ್ಕ ಎನ್ನುತ್ತಿದ್ದರು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಪೂರ್ತಿ ಬಿರುದು. ಯಾವುದನ್ನೇ ಆಗಲಿ ಐದು ಸಲ ಮಾಡಿ ನೋಡದೆ ಅವಳಿಗೆ ಸಮಾಧಾನವಿಲ್ಲ. ಮನೆಯ ಬೀಗವನ್ನು ಐದು ಸಲ ಜಗ್ಗುವಳು, ಗ್ಯಾಸಿನ ಗುಂಡಿಯನ್ನು ಐದು ಸಲ ಮುಟ್ಟಿ ನೋಡುವಳು. "ಅಕ್ಕನ್ನ ಮದುವೆ ಆಗ್ತೀನಿ ಅಂತ ನಾಲ್ಕೇ ಜನ ಕೇಳಿದ್ದು. ಐದನೆಯವನು ಬರ್ಲಿ ಅಂತ ಕಾಯ್ತಾ ಕೂತ್ಲು, ಅವನು ಬರ್ಲೇ ಇಲ್ಲ" ಎಂದು ಅವಳ ತಮ್ಮ ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಅವಳು ನಗುತ್ತಿದ್ದಳು. ಅವನು ಏನು ಹೇಳಿದರೂ ನಗುತ್ತಿದ್ದಳು ಅನ್ನಿ. ತಾಯಿ ಹೋದಾಗ ಅವನಿಗೆ ಏಳು ವರ್ಷ, ಅವಳಿಗೆ ಹತ್ತೊಂಬತ್ತು. ಸಾಕಿದ್ದು, ಓದಿಸಲು ಹೆಣಗಿದ್ದು, ಅವನು ಓದಲಾರೆನೆಂದು ಕಾಲು ಚಾಚಿದಾಗ ಸಾಹೇಬರ ಕೈಕಾಲು ಹಿಡಿದು ಗಣಿಯ ಕೆಲಸಕ್ಕೆ ಸೇರಿಸಿದ್ದು, ಎಲ್ಲ ಅವಳೇ. ಅವಳಿಗೆ ಕಳೆದುಕೊಳ್ಳಲು ಅಂತ ಈ ಲೋಕದಲ್ಲಿ ಇದ್ದದ್ದು ಅವನೊಬ್ಬ.

ಗಣಿ ಆಫೀಸಿನ ಹಿಂದೆ, ಸ್ನಾನದ ಮನೆಗೂ ಆಳುಗಳನ್ನು ಆಳಕ್ಕೆ ಇಳಿಸಿ ಹತ್ತಿಸುವ ಕೇಜಿನ ಹಗ್ಗ ಸುತ್ತುವ ಚಕ್ರದ ಮನೆಗೂ ನಡುವೆ, ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಇಪ್ಪತ್ತಮೂರು ವರ್ಷದಿಂದ ಅವಳ ಉದ್ಯೋಗ. ನೆಲದಾಳದ ಬಂಡೆಯಲ್ಲಿ ತೂತು ಕೊರೆದು ಅರವತ್ತೆರಡು ಕಡೆ ಸಣ್ಣ ಯಂತ್ರಗಳನ್ನು ಹುದುಗಿಸಿದ್ದರು; ಕೆಲಸಗಾರರು ಅವನ್ನು ಕಿವಿಗಳು ಎನ್ನುತ್ತಿದ್ದರು. ಆಳದ ಬಂಡೆ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಮೇಲಿನ ಭಾರಕ್ಕೆ ಒಳಗೊಳಗೇ ಬಿರಿಯುತ್ತದೆ, ಪಟ್ ಎನ್ನುತ್ತದೆ, ಮನುಷ್ಯರ ಕಿವಿಗೆ ಕೇಳದಷ್ಟು ಮೆಲ್ಲಗೆ ಗೊಣಗುತ್ತದೆ. ಎಲ್ಲೋ ಒಂದು ಕಡೆ ಒತ್ತಡ ಕೂಡಿ ಕೂಡಿ, ಒಂದು ದಿನ ಗೋಡೆಯೇ ಸಿಡಿದು ಎದುರಿಗಿದ್ದವರ ಮೇಲೆ ಬೀಳುತ್ತದೆ. ಆ ಗೊಣಗಾಟವನ್ನು ಕಿವಿಗಳು ಹಿಡಿದು ಮೇಲಕ್ಕೆ ಕಳಿಸುತ್ತಿದ್ದವು. ಒಂದೊಂದು ಸದ್ದೂ ಎಲ್ಲಿ ಹುಟ್ಟಿತೆಂದು ಕಂಪ್ಯೂಟರು ಲೆಕ್ಕ ಹಾಕಿ ನಕ್ಷೆ ಬಿಡಿಸುತ್ತಿತ್ತು. ಹಸಿರಿದ್ದಲ್ಲಿ ಹೋಗಬಹುದು, ಕೆಂಪಿದ್ದಲ್ಲಿ ಕಾಲಿಡುವಂತಿಲ್ಲ.

ಬೆಳಗಿನ ಐದಕ್ಕೆ ಆ ದಿನದ ದಾಖಲೆ ಮುಗಿಯುವುದು. ಆರಕ್ಕೆ ಹಗಲು ಪಾಳಿಯವರನ್ನು ಹೊತ್ತು ಕೇಜು ಇಳಿಯುವುದು. ನಡುವಿನ ಒಂದು ಗಂಟೆ ಅವಳದು. ನಕ್ಷೆಗೆ ಅವಳ ಸಹಿ ಬೀಳದೆ ಕೇಜಿನ ಗಂಟೆ ಬಾರಿಸುವಂತಿರಲಿಲ್ಲ. ಆರರೊಳಗೆ ನಕ್ಷೆ ತಯಾರಾಗದಿದ್ದರೆ ಏನು ಮಾಡಬೇಕೆಂಬುದಕ್ಕೂ ಒಂದು ಪದ್ಧತಿಯಿತ್ತು: ನಿನ್ನೆಯ ನಕ್ಷೆಗೇ ಇವತ್ತಿನ ತಾರೀಖು ಹಾಕಿ ಅವಳು ಸಹಿ ಮಾಡಬೇಕು, ಅದನ್ನೇ ನಂಬಿ ಇಳಿಯಬೇಕು. ನಕ್ಷೆಯನ್ನು ಕೈಯಲ್ಲಿ ಬಿಡಿಸುತ್ತಿದ್ದ ಕಾಲದ ಪದ್ಧತಿ ಅದು. ಅವಳ ಕಾಲದಲ್ಲಿ ಒಮ್ಮೆಯೂ ಅದರ ಅಗತ್ಯ ಬಿದ್ದಿರಲಿಲ್ಲ, ಹಾಗಾಗಿ ಯಾರೂ ಅದನ್ನು ತೆಗೆದುಹಾಕುವ ಗೋಜಿಗೆ ಹೋಗಿರಲಿಲ್ಲ.

ಕೋಣೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಎರಡಕ್ಕೂ ಹತ್ತು ವರ್ಷ ದಾಟಿತ್ತು. ಒಂದು ಸರ್ವರು, ಅದರಲ್ಲಿ ಎರಡು ಪ್ರೊಸೆಸರ್, ಒಂದೊಂದರಲ್ಲಿ ಲೆಕ್ಕ ಮಾಡುವ ಎಂಟೆಂಟು ಕೋರ್, ಒಟ್ಟು ಹದಿನಾರು. ವೇಗ ಮಾತ್ರ ಎರಡು ಗಿಗಾಹರ್ಟ್ಸಿನ ಆಸುಪಾಸು. ಅದನ್ನು ಅವಳು ಅಜ್ಜ ಎನ್ನುತ್ತಿದ್ದಳು. ಫ್ಯಾನುಗಳ ಆರ್ಭಟ ಕೇಳಿದರೆ ಪಕ್ಕದ ಸ್ನಾನದ ಮನೆಯಲ್ಲಿದ್ದವರೂ ಬೈದುಕೊಳ್ಳುವರು. ಇನ್ನೊಂದು ಮೇಜಿನ ಮೇಲಿಡುವ ಮಾಮೂಲಿ ಕಂಪ್ಯೂಟರು. ಅದರ ಪ್ರೊಸೆಸರಿಗೆ ನಾಲ್ಕೇ ಕೋರ್, ವೇಗ ಅಜ್ಜನ ಒಂದೂವರೆ ಪಟ್ಟಿಗೂ ಮೇಲೆ. ಅದು ಚಿಗರೆ.

ಚಳಿಗಾಲದ ಮೊದಲಿಗೆ ಮ್ಯಾನೇಜರ್ ಸಾಹೇಬರು ಕೋಣೆಗೆ ಬಂದರು. ಎಸಿ ಎರಡರಲ್ಲಿ ಒಂದು ಕೆಟ್ಟು ಕೂತಿತ್ತು. ಎರಡೂ ಯಂತ್ರ ಓಡಿದರೆ ಕೋಣೆ ಒಲೆಯಾಗುತ್ತಿತ್ತು.

"ಯಾವುದಾದ್ರೂ ಒಂದನ್ನ ಇಟ್ಕೊಳ್ಳಿ. ಯಾವುದು ಜೋರಾಗಿ ಓಡುತ್ತೆ ನೋಡಿ ಬರೆದು ಕೊಡಿ" ಎಂದರು.

"ಎರಡು ದಿನ ಬೇಕು ಸರ್."

"ನಿಮಗೆ ಐದು ದಿನ ಕೊಡ್ತೀನಿ, ತಗೊಳ್ಳಿ" ಎಂದು ತಮ್ಮ ಹಾಸ್ಯಕ್ಕೆ ತಾವೇ ನಕ್ಕು ಹೋದರು.

ಅವಳು ಆ ಪರೀಕ್ಷೆ ಮಾಡಿದ ಬಗೆಯನ್ನು ಹೇಳಲೇಬೇಕು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಿನ ಕೆಲಸ ಅದು. ಎರಡಕ್ಕೂ ಒಂದೇ ದಾಖಲೆ, ಒಂದೇ ಪ್ರೋಗ್ರಾಮು. ಪರೀಕ್ಷೆಯ ಹೊತ್ತಿಗೆ ಬೇರೇನೂ ಓಡಬಾರದು, ಕೋಣೆಯ ಬಾಗಿಲು ತೆರೆಯಬಾರದು. ಐದು ಸಲ ಓಡಿಸುವುದು, ಮೊದಲನೆಯದನ್ನು ಬಿಟ್ಟು ಉಳಿದ ನಾಲ್ಕರ ಸರಾಸರಿ ಹಿಡಿಯುವುದು. ದಾಖಲೆ ಆರಿಸುವಾಗಲೂ ಅವಳು ಯೋಚಿಸದೆ ಇರಲಿಲ್ಲ. ಕೆಲಸದ ದಿನದ ದಾಖಲೆಯಲ್ಲಿ ಡ್ರಿಲ್ಲಿನ ಸದ್ದು, ಸಿಡಿಮದ್ದಿನ ಸದ್ದು, ಕೇಜಿನ ಗಡಗಡ ಎಲ್ಲ ಕಲಬೆರಕೆ. ಅಂಥದರ ಮೇಲೆ ಅಳೆದರೆ ಅಳತೆಗೆ ಮರ್ಯಾದೆಯಿಲ್ಲ ಎಂದುಕೊಂಡಳು. ಹಾಗಾಗಿ ಹುಡುಕಿ ಹುಡುಕಿ ಒಂದು ರಜಾ ದಿನದ ದಾಖಲೆ ತೆಗೆದಳು. ಗಣಿಯಲ್ಲಿ ನರಪಿಳ್ಳೆಯೂ ಇಲ್ಲದ ದಿನ, ಬಂಡೆಯೂ ಮಲಗಿದ್ದ ದಿನ. ಇಡೀ ದಿನಕ್ಕೆ ಅರವತ್ತು ಸದ್ದು. ಕನ್ನಡಿಯಂಥ ದಾಖಲೆ.

ಚಿಗರೆಗೆ ಒಂಬತ್ತು ನಿಮಿಷ ಹಿಡಿಯಿತು. ಅಜ್ಜನಿಗೆ ಹದಿಮೂರೂವರೆ. ಐದು ಸಲವೂ ಅಷ್ಟೇ. ಅವಳು ಅದನ್ನು ಬರೆದು, ಚಿಗರೆಯನ್ನೇ ಇಟ್ಟುಕೊಳ್ಳಬಹುದೆಂದು ಸಹಿ ಮಾಡಿದಳು. ಅಜ್ಜನ ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸಿ ಮೂಲೆಗೆ ತಳ್ಳಿದರು. ಅವತ್ತಿನಿಂದ ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ಚಕ್ರದ ಮನೆಯ ಹಗ್ಗ ಕಿರುಗುಟ್ಟುವುದು ಗೋಡೆಯಾಚೆಯಿಂದ ಅವಳಿಗೆ ಸ್ಪಷ್ಟವಾಗಿ ಕೇಳಿಸತೊಡಗಿತು. ಅದು ಅವಳಿಗೆ ಹಿಡಿಸಲಿಲ್ಲ. ಯಾಕೆಂದು ತಿಳಿಯಲೂ ಇಲ್ಲ.

ತಮ್ಮನ ಕೆಲಸ ಇಪ್ಪತ್ತೇಳನೆಯ ಮಟ್ಟದ ಪೂರ್ವದ ಸುರಂಗದಲ್ಲಿ, ಬಂಡೆ ಕೊರೆಯುವ ಡ್ರಿಲ್ಲಿನ ಮೇಲೆ. ಅದೇ ಡ್ರಿಲ್ಲನ್ನು ರಾತ್ರಿ ಪಾಳಿಯಲ್ಲಿ ಹಿಡಿಯುವವನಿಗೆ ದೊಡ್ಡಕೈ ಎಂದು ಹೆಸರು. ನಿಜಕ್ಕೂ ಅವನ ಅಂಗೈ ಊಟದ ತಟ್ಟೆಯಷ್ಟಿತ್ತು. ಸುರಂಗದ ಕೊನೆಯನ್ನು, ಅಂದರೆ ಕೊರೆಯುವ ಜಾಗವನ್ನು, ಯಾರೂ ಬರಿದೆ ಬಿಟ್ಟು ಬರುವಂತಿಲ್ಲ. ಬದಲಿ ಆಳು ಅಲ್ಲಿಗೇ ಬಂದು ಡ್ರಿಲ್ಲಿಗೆ ಕೈ ಹಚ್ಚಿದ ಮೇಲೇ ಹಿಂದಿನವನು ಹೊರಡುವುದು. ಗಣಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಗೊತ್ತಿರುವ ಮಾತು ಇದು.

"ದೊಡ್ಡಕೈ ಡ್ರಿಲ್ ಕೊಡೋದು ನೋಡ್ಬೇಕು ಅಕ್ಕ ನೀನು. ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಕೊಡ್ತಾನೆ. 'ನೀರು ಹಾಕು, ಎಣ್ಣೆ ನೋಡು, ಹುಷಾರು' ಅಂತ ಹತ್ತು ಮಾತು" ಎಂದು ತಮ್ಮ ಊಟಕ್ಕೆ ಕೂತಾಗ ಅಣಕಿಸುತ್ತಿದ್ದ.

ಮೂರು ತಿಂಗಳು ಯಾವ ತಂಟೆಯೂ ಇಲ್ಲದೆ ಕಳೆಯಿತು. ಐದೂ ಕಾಲರೊಳಗೆ ನಕ್ಷೆ ಕೈಯಲ್ಲಿ. ಆಮೇಲೆ ಒಂದು ಸೋಮವಾರ ಸದ್ದು ಆರುನೂರು ದಾಟಿತು. ಚಿಗರೆ ಹದಿನೆಂಟು ನಿಮಿಷ ತೆಗೆದುಕೊಂಡಿತು. ಮಂಗಳವಾರ ಸಾವಿರದ ನೂರು ಸದ್ದು, ಇಪ್ಪತ್ತಾರು ನಿಮಿಷ. ಬುಧವಾರ ಸಾವಿರದ ಒಂಬೈನೂರು, ನಲವತ್ತು ನಿಮಿಷ. ಆದರೆ ನಕ್ಷೆ ಮೂರು ದಿನವೂ ಹಸಿರೇ, ಬುಧವಾರ ಇಪ್ಪತ್ತೇಳರ ಪೂರ್ವದಲ್ಲಿ ಮಾತ್ರ ಒಂದಿಷ್ಟು ಹಳದಿ. ಹಳದಿಗೆ ಎಚ್ಚರಿಕೆಯಿಂದ ಇಳಿಯಬಹುದು. ಅವಳು ನಿಮಿಷಗಳನ್ನು ರಿಜಿಸ್ಟರಿನಲ್ಲಿ ಬರೆದಳು, ಬರೆದದ್ದನ್ನು ಮತ್ತೆ ಓದಿದಳು. ಧೂಳು ಹಿಡಿದು ಯಂತ್ರ ಬಿಸಿಯಾಗಿರಬೇಕು ಎಂದುಕೊಂಡು ಚಿಗರೆಯ ಮುಚ್ಚಳ ತೆಗೆದು ಫ್ಯಾನು ಒರೆಸಿದಳು. ಐದು ಸಲ ಒರೆಸಿದಳು. ಪಾಪ, ರೋಗ ಒಂದು ಕಡೆ, ಅವಳು ಉಜ್ಜುತ್ತಿದ್ದುದು ಇನ್ನೊಂದು ಕಡೆ.

ಗುರುವಾರ ಬೆಳಗ್ಗೆ ಐದಕ್ಕೆ ದಾಖಲೆ ಮುಗಿದಾಗ ಸದ್ದಿನ ಎಣಿಕೆ ಐದು ಸಾವಿರದ ಇನ್ನೂರು.

ಅವಳು ಓಡಿಸಿ ಕೂತಳು. ಐದೂ ಇಪ್ಪತ್ತು. ಐದೂವರೆ. ಐದೂ ನಲವತ್ತಕ್ಕೂ ಪರದೆಯ ಮೇಲೆ ಸದ್ದುಗಳಲ್ಲಿ ನೂರಕ್ಕೆ ಮೂವತ್ತೇಳು ಭಾಗ ಮುಗಿದಿದೆ ಎಂದಿತ್ತು. ಆಗ ಅವಳಿಗೆ ಹೊಳೆಯಿತು. ದಾಖಲೆಯನ್ನು ಓದಿ ಜೋಡಿಸುವುದು ಒಂದೇ ಕೋರ್ ಮಾಡುವ ಕೆಲಸ, ಎಂಟು ನಿಮಿಷದ್ದು. ಅದರಲ್ಲಿ ಚಿಗರೆಯನ್ನು ಮೀರಿಸುವವರಿಲ್ಲ. ಆಮೇಲೆ ಸದ್ದುಗಳನ್ನು ಒಂದೊಂದಾಗಿ ಬಿಡಿಸುವ ಕೆಲಸವನ್ನು ಇರುವ ಕೋರುಗಳೆಲ್ಲ ಹಂಚಿಕೊಂಡು ಮಾಡುತ್ತವೆ. ಒಂದು ಹಿಡಿ ಬೆಳ್ಳುಳ್ಳಿ ಸುಲಿಯಲು ಚುರುಕಾದ ನಾಲ್ಕು ಕೈ ಸಾಕು. ಒಂದು ಮೂಟೆ ತಂದು ಸುರಿದರೆ ನಿಧಾನದ ಹದಿನಾರು ಕೈಗಳೇ ಗೆಲ್ಲುವುದು. ಅವಳು ಹಿಡಿ ಬೆಳ್ಳುಳ್ಳಿ ಕೊಟ್ಟು ಪಂದ್ಯ ನಡೆಸಿದ್ದಳು. ಬಂಡೆ ಮಲಗಿದ್ದ ದಿನ ಯಾವುದು ಬೇಗ ಎಂದು ನೋಡಿ, ಬಂಡೆ ಎದ್ದು ಕೂರುವ ದಿನಕ್ಕೆ ಯಂತ್ರ ಆರಿಸಿದ್ದಳು. ಅಂದರೆ ಕೆಳಗೆ ಅಪಾಯ ಹೆಚ್ಚಿದಷ್ಟೂ ನಕ್ಷೆ ತಡವಾಗುವಂತೆ ತಾನೇ ಕೈಯಾರೆ ಏರ್ಪಾಡು ಮಾಡಿಟ್ಟಿದ್ದಳು.

ಲೆಕ್ಕ ಹಾಕಿದಳು. ಚಿಗರೆ ಮುಗಿಸುವುದು ಆರೂ ಮೂವತ್ತೈದಕ್ಕೆ. ಅಜ್ಜನನ್ನು ಈಗ ಎಬ್ಬಿಸಿ ಹೊಸದಾಗಿ ಓಡಿಸಿದರೂ ಅಷ್ಟೇ ಹೊತ್ತಾಗುತ್ತದೆ. ಎದ್ದು ಕೇಜಿನ ಕಡೆಗೆ ಓಡಿದಳು.

ಹಗಲು ಪಾಳಿಯವರು ಬಾಗಿಲ ಬಳಿ ಸಾಲಾಗಿ ನಿಂತಿದ್ದರು. ಹೆಲ್ಮೆಟ್ಟಿನ ದೀಪಗಳು ಉರಿಯುತ್ತಿದ್ದವು. ಪಾಳಿಯ ಮೇಸ್ತ್ರಿ, ಅವಳಿಗಿಂತ ಹತ್ತು ವರ್ಷ ಹಿರಿಯ, ಕೈ ಚಾಚಿದ.

"ನಕ್ಷೆ ಎಲ್ಲಮ್ಮಾ?"

"ಇನ್ನೂ ಬಂದಿಲ್ಲ. ಆರೂ ಮೂವತ್ತೈದು ಆಗತ್ತೆ."

"ಹಾಗಾದ್ರೆ ನಿನ್ನೇದಕ್ಕೆ ಸಹಿ ಹಾಕಿಬಿಡು. ಪದ್ಧತಿ ಇದೆಯಲ್ಲ."

ಅವನು ಹಲಗೆಗೆ ಸಿಕ್ಕಿಸಿದ್ದ ಬುಧವಾರದ ನಕ್ಷೆಯನ್ನು ಬಿಡಿಸಿ ಅವಳ ಮುಂದೆ ಹಿಡಿದ. ಹಸಿರು, ಹಸಿರು, ಒಂದಿಷ್ಟು ಹಳದಿ. ಸಾಲಿನಲ್ಲಿ ಮೂರನೆಯವನಾಗಿ ಅವಳ ತಮ್ಮ ನಿಂತಿದ್ದ. ಅವಳ ಮುಖ ನೋಡಿ ಹುಬ್ಬು ಕುಣಿಸಿದ.

"ಹಾಕಲ್ಲ" ಎಂದಳು.

"ಏನು?"

"ನಿನ್ನೆಯ ನಕ್ಷೆಗೆ ಸಹಿ ಹಾಕಲ್ಲ ನಾನು. ಒಂದೇ ದಿನದಲ್ಲಿ ಸದ್ದು ಎರಡೂವರೆ ಪಟ್ಟು ಆಗಿದೆ. ಕೆಳಗೆ ಏನೋ ಆಗ್ತಿದೆ. ಇವತ್ತಿನದು ಬರೋ ತನಕ ಕೇಜ್ ಇಳಿಯೋ ಹಾಗಿಲ್ಲ."

"ತಾಯಿ, ತಡ ಆದ್ರೆ ಸಾಹೇಬ್ರು ನನ್ನ ತಲೆ ತೆಗೀತಾರೆ."

"ನನ್ನ ಹೆಸರು ಹೇಳಿ."

ಮೇಸ್ತ್ರಿ ಗೊಣಗಿದ, ಗಡಿಯಾರ ನೋಡಿದ, ಕೊನೆಗೆ ಗಂಟೆಯ ಹಗ್ಗ ಬಿಟ್ಟು ಸ್ಟೂಲಿನ ಮೇಲೆ ಕುಕ್ಕರಿಸಿದ. ಸಾಲು ಚದುರಿತು. ಒಬ್ಬ ಬೀಡಿ ಹಚ್ಚಿದ. "ನಮ್ಮಕ್ಕ ನಕ್ಷೆನ ಐದು ಸಲ ನೋಡೋ ತನಕ ನಾವು ಒಂದು ನಿದ್ದೆ ತೆಗೀಬಹುದು" ಎಂದು ತಮ್ಮ ಗೋಡೆಗೊರಗಿದ. ಅವನು ನೆಲದ ಮೇಲೆ, ಬೆಳಕಿನಲ್ಲಿ, ಕಾಲು ಚಾಚಿ ಕೂತಿದ್ದಾನೆ. ಅದನ್ನು ನೋಡಿ ಅವಳಿಗೆ ಎಷ್ಟು ಹಗುರವಾಯಿತೆಂದರೆ ಕಣ್ಣು ತುಂಬಿ ಬಂತು. ಆ ಹೊತ್ತಿಗೆ ಅವಳ ಮನಸ್ಸಿನಲ್ಲಿ ಆ ಎರಡು ಚಾಚಿದ ಕಾಲುಗಳ ಹೊರತು ಮತ್ತೇನೂ ಇರಲಿಲ್ಲ.

ಆರೂ ಇಪ್ಪತ್ತಕ್ಕೆ ಗೋಡೆಯ ಫೋನು ಹೊಡೆದುಕೊಂಡಿತು. ಮೇಸ್ತ್ರಿ ಎತ್ತಿದ. ಇಪ್ಪತ್ತೇಳರಲ್ಲಿ ಕೇಜು ನಿಲ್ಲುವ ಜಾಗದಿಂದ ದೊಡ್ಡಕೈ ಮಾತಾಡುತ್ತಿದ್ದ. ಅವನ ಗಂಟಲೂ ಅವನ ಕೈಯ ಹಾಗೆಯೇ, ಪಕ್ಕದಲ್ಲಿ ನಿಂತವರಿಗೆಲ್ಲ ಕೇಳುವಂಥದು.

"ಬದಲಿ ಎಲ್ಲಿ ಮೇಸ್ತ್ರೀ?"

"ಸ್ವಲ್ಪ ತಡ ಆಗತ್ತೆ ಕಣಪ್ಪಾ. ನಕ್ಷೆ ಬಂದಿಲ್ಲ. ಅಲ್ಲೇ ಇರು."

"ಆಯ್ತು, ಇರ್ತೀನಿ."

ಅವಳು ಇದನ್ನು ಕೇಳಿಸಿಕೊಂಡಳು. ಎರಡು ಹೆಜ್ಜೆ ದೂರದಲ್ಲಿ ನಿಂತು, ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ಆದರೂ ಅದು ಅವಳ ತಲೆಗೆ ಹೋಗಲಿಲ್ಲ. ಇಳಿಯುವ ಕೇಜನ್ನು ತಡೆದರೆ ಹತ್ತುವ ಕೇಜನ್ನೂ ತಡೆದಂತೆ. ಅವಳಿಗೆ ಇಳಿಯುವುದೊಂದೇ ಕಾಣುತ್ತಿತ್ತು. ಅವಳು ನಕ್ಷೆ ನೋಡಲು ಕೋಣೆಗೆ ನಡೆದಳು.

ಆರೂ ಮೂವತ್ತೈದಕ್ಕೆ ನಕ್ಷೆ ಬಂತು. ಇಪ್ಪತ್ತೇಳರ ಪೂರ್ವ ಸುರಂಗದ ಕೊನೆ ಪೂರ್ತಿ ಕೆಂಪು. ಅಂಥ ಕೆಂಪನ್ನು ಅವಳು ಇಪ್ಪತ್ತಮೂರು ವರ್ಷದಲ್ಲಿ ನೋಡಿರಲಿಲ್ಲ. ಓಡಿ ಬಂದು ಮೇಸ್ತ್ರಿಯ ಮುಂದೆ ಹಿಡಿದಳು. ಅವನು ಅದನ್ನು ನೋಡಿ, ಅವಳನ್ನು ನೋಡಿ, ಮೆಲ್ಲಗೆ ಹೇಳಿದ:

"ಅಲ್ಲಿ ದೊಡ್ಡಕೈ ಇದ್ದಾನಲ್ಲಮ್ಮಾ."

ಆಗ ಅವಳಿಗೆ ಅರ್ಥವಾಯಿತು. ಮೇಸ್ತ್ರಿ ಫೋನು ತಿರುಗಿಸಿದ. ಕೆಳಗೆ ಅದು ಬಡಿದುಕೊಳ್ಳುತ್ತಲೇ ಇತ್ತು. ಫೋನಿರುವುದು ಕೇಜು ನಿಲ್ಲುವಲ್ಲಿ. ಕೊರೆಯುವ ಜಾಗ ಅಲ್ಲಿಂದ ಇನ್ನೂರೈವತ್ತು ಹೆಜ್ಜೆ ಒಳಗೆ. ದೊಡ್ಡಕೈ ಅಲ್ಲೇ ಇರುತ್ತೇನೆಂದು ಒಪ್ಪಿ ತನ್ನ ಡ್ರಿಲ್ಲಿನ ಬಳಿಗೆ ಮರಳಿದ್ದ. ಜೊತೆಯ ಮೂವರನ್ನು ಸುರಂಗದ ತಿರುವಿನಲ್ಲಿ ಕೂರಿಸಿ, ನೀವು ಸುಧಾರಿಸಿಕೊಳ್ಳಿ, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದನಂತೆ. ಫೋನಿನ ಸದ್ದು ಕೇಳಿ ಆ ಮೂವರಲ್ಲಿ ಒಬ್ಬ ಎದ್ದು ಬರುತ್ತಿದ್ದ. ಅಷ್ಟರಲ್ಲಿ, ಆರೂ ನಲವತ್ತೊಂದಕ್ಕೆ, ಮೇಲೆ ನಿಂತವರ ಕಾಲ ಕೆಳಗಿನ ನೆಲ ಒಮ್ಮೆ ಕುಲುಕಿತು. ಬೆಂಚಿನ ಮೇಲಿದ್ದ ಹೆಲ್ಮೆಟ್ಟೊಂದು ಉರುಳಿ ಬಿತ್ತು.

ಮೂವರು ಬದುಕಿ ಬಂದರು. ದೊಡ್ಡಕೈಯನ್ನು ಹೊರತೆಗೆಯಲು ಮಧ್ಯಾಹ್ನವಾಯಿತು. ತೆಗೆಯಲು ಇಳಿದವರಲ್ಲಿ ಅವಳ ತಮ್ಮನೂ ಇದ್ದ. ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವನು ಮೈಯೆಲ್ಲ ಬೂದಿ ಬಣ್ಣವಾಗಿ ಮೇಲೆ ಬಂದು, ಅವಳ ಮುಂದೆಯೇ ಹಾದು, ಸ್ನಾನದ ಮನೆಗೆ ಹೋದ. ಒಂದು ಗಂಟೆ ಹೊರಗೆ ಬರಲಿಲ್ಲ.

ಆ ಸಂಜೆ ಅವಳು ಅಜ್ಜನ ಮೇಲಿನ ಬೆಡ್‌ಶೀಟು ತೆಗೆದು, ತಂತಿ ಸಿಕ್ಕಿಸಿ, ಗುರುವಾರದ ದಾಖಲೆಯನ್ನೇ ಕೊಟ್ಟು ಓಡಿಸಿದಳು. ಐದು ಸಲ ಓಡಿಸಿದಳು, ಮೊದಲನೆಯದನ್ನು ಬಿಟ್ಟಳು. ಐವತ್ತು ನಿಮಿಷ. ಅಂದರೆ ನಕ್ಷೆ ಐದೂ ಐವತ್ತಕ್ಕೆ ಬರುತ್ತಿತ್ತು. ಹತ್ತು ನಿಮಿಷ ಕೈಯಲ್ಲಿಟ್ಟುಕೊಂಡು ಅಲ್ಲಿದ್ದವರನ್ನೆಲ್ಲ ಮೇಲೆ ಕರೆಸಬಹುದಿತ್ತು. ಯಾರೂ ಕೇಳಿರದ ಆ ಲೆಕ್ಕವನ್ನು ಅವಳು ಬರೆದು ಮ್ಯಾನೇಜರಿಗೆ ಕೊಟ್ಟಳು. ಅವರು ಓದಿ, ಮಡಚಿ, ಡ್ರಾಯರಿನಲ್ಲಿಟ್ಟರು.

"ಇದನ್ನ ಯಾರಿಗೂ ತೋರಿಸೋದು ಬೇಡ. ನೀವು ಕೇಜ್ ತಡೆದಿದ್ದಕ್ಕೆ ಆ ಸುರಂಗಕ್ಕೆ ಇಳಿಯೋರು ಆರು ಜನ ಉಳಿದ್ರು. ಅಷ್ಟು ಸಾಕು" ಎಂದರು.

ಗಣಿಯವರೂ ಹಾಗೆಯೇ ಅಂದರು. ದಾರಿಯಲ್ಲಿ ಸಿಕ್ಕವರು ಕೈ ಮುಗಿದರು. ಹಗಲು ಪಾಳಿಯವರ ಹೆಂಡಂದಿರು ಮನೆಗೆ ಬಂದು ಅವಳ ಕೈ ಹಿಡಿದುಕೊಂಡು ಅತ್ತರು. ಐದು ಸಲದ ಅಕ್ಕ ಎಂದು ಬೆನ್ನ ಹಿಂದೆ ಆಡಿಕೊಳ್ಳುವುದು ನಿಂತುಹೋಯಿತು. ಆ ಹೊಗಳಿಕೆ ಅವಳಿಗೆ ಮುಳ್ಳಿನ ಹಾಸಿಗೆಯಾಯಿತು. ತಮ್ಮ ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ, ಯಾರನ್ನೂ ಅಣಕಿಸುತ್ತಿರಲಿಲ್ಲ. ಕೋಣೆಯಲ್ಲಿ ಅಜ್ಜ ಮತ್ತೆ ಆರ್ಭಟಿಸುತ್ತಿತ್ತು. ನಕ್ಷೆ ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬಂದ ನಕ್ಷೆಯಲ್ಲಿ ಇಪ್ಪತ್ತೇಳರ ಅಕ್ಕಪಕ್ಕದ ಹಳದಿ ವಾರದಿಂದ ವಾರಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ದೊಡ್ಡಕೈಯ ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕುಳ್ಳಗಿನ ಹೆಂಗಸು, ಬಟ್ಟೆ ಹೊಲಿದು ಕೊಡುವವಳು, ಬೆರಳಿಗೆ ಇನ್ನೂ ದಾರ ಸುತ್ತಿಕೊಂಡಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಅಜ್ಜನ ಸದ್ದಿಗೆ ಇಬ್ಬರೂ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಯಿತು.

"ಅವತ್ತು ನಮ್ಮವರು ಮೇಲಕ್ಕೆ ಫೋನ್ ಮಾಡಿದ್ರಂತೆ. ಮೇಸ್ತ್ರಿ ಹೇಳಿದ್ರು."

"ಹೌದು, ಮಾಡಿದ್ರು."

"ಅಲ್ಲೇ ಇರು ಅಂದ್ರಂತೆ."

"ಹೌದು."

"ಯಾಕೆ ಹಾಗಂದ್ರು, ನಂಗೆ ಅದೊಂದು ಗೊತ್ತಾಗ್ಬೇಕು ಅಕ್ಕ. ಬೇರೆ ಏನೂ ಬೇಡ. ಯಾರನ್ನ ಕೇಳಿದ್ರೂ ಮಷಿನ್ ತಡ ಆಯ್ತು ಅಂತಾರೆ."

ಹೌದು, ಮಷಿನ್ ತಡ ಆಯಿತು ಎಂದುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಸಾಹೇಬರಿಗೆ ಬೇಕಾಗಿದ್ದುದೂ ಅದೇ. ಅವಳು ಕುರ್ಚಿಯನ್ನು ಹೆಂಗಸಿನ ಕಡೆಗೆ ತಿರುಗಿಸಿಕೊಂಡಳು.

"ಮಷಿನ್ ತಡ ಆಗೋ ಹಾಗೆ ಮಾಡಿದ್ದು ನಾನು. ಎರಡರಲ್ಲಿ ಯಾವುದು ಅಂತ ಆರಿಸಿದ್ದು ನಾನು, ತಪ್ಪಾಗಿ ಆರಿಸಿದೆ. ಆಮೇಲೆ ಕೇಜ್ ಇಳೀಬಾರ್ದು ಅಂತ ಸಹಿ ಹಾಕದೆ ಇದ್ದಿದ್ದೂ ನಾನೇ. ಅದರಲ್ಲಿ ನನ್ನ ತಮ್ಮ ಇದ್ದ. ಬದಲಿ ಹೋಗದೆ ಇದ್ರೆ ನಿಮ್ಮವರು ಅಲ್ಲೇ ನಿಲ್ಬೇಕಾಗತ್ತೆ ಅನ್ನೋದು ನನಗೆ ಗೊತ್ತಿತ್ತು. ಆ ಹೊತ್ತಲ್ಲಿ ನೆನಪಾಗ್ಲಿಲ್ಲ. ಅವರು ಫೋನ್‌ನಲ್ಲಿ ಮಾತಾಡಿದ್ದೂ ಕೇಳಿಸ್ತು. ಆಗ್ಲೂ ನೆನಪಾಗ್ಲಿಲ್ಲ."

ಹೆಂಗಸು ಬೆರಳಿನ ದಾರವನ್ನು ಬಿಚ್ಚಿದಳು, ಮತ್ತೆ ಸುತ್ತಿದಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಇವಳು ಕಾದಳು. ಹೊಡೆದಿದ್ದರೆ ಒಳ್ಳೆಯದಿತ್ತು.

"ನಿಮ್ಮ ತಮ್ಮ ಈಗ ಹೇಗಿದ್ದಾರೆ?" ಎಂದು ಹೆಂಗಸು ಕೇಳಿದಳು. ಕೊಂಕಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು.

ಇದಕ್ಕೆ ಉತ್ತರವನ್ನು ಇವಳು ಆ ಹೆಂಗಸಿನ ಮುಖ ನೋಡಿ ಹೇಳಬೇಕಾಗಿತ್ತು.

"ಚೆನ್ನಾಗಿದ್ದಾನೆ" ಎಂದಳು.

ಹೆಂಗಸು ತಲೆಯಾಡಿಸಿದಳು. ಎದ್ದು, ಸ್ಟೂಲನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟು, ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.